ನಿಲ್ಲಿಸಿದವರನ್ನು ಕೇಳಬಾರದು

ಇದಲೀನ ಹುಟ್ಟಿದ ಮನೆಯ ಹೊಸಿಲಿಗೂ ಟ್ರಾಮಿನ ಹಳಿಗೂ ನಡುವೆ ಒಂದು ಕುರ್ಚಿ ಹಾಕುವಷ್ಟೂ ಜಾಗವಿರಲಿಲ್ಲ. ಅವಳಮ್ಮನ ಹೆಸರು ಕುಸ್ತೋದಿಯ, ಬೀದಿಯವರ ಬಟ್ಟೆ ಇಸ್ತ್ರಿ ಮಾಡಿ ಸಂಸಾರ ತೂಗಿಸುತ್ತಿದ್ದವಳು. ಟ್ರಾಮಿನ ಸದ್ದು ಕೇಳಿದ ಕೂಡಲೇ ಕಿಟಕಿಯಾಚೆ ಆರಲು ಹಾಕಿದ ಅಂಗಿಗಳ ತೋಳನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಮಗಳನ್ನೂ ಹಾಗೆಯೇ ಒಳಗೆ ಎಳೆದುಕೊಂಡು ಎಳೆದುಕೊಂಡು ಬೆಳೆಸಿದಳು. ಅಂಥ ಮನೆಯ ಹುಡುಗಿ ದೊಡ್ಡವಳಾಗಿ ಟ್ರಾಮಿನ ಬ್ರೇಕು ಹಿಡಿಯುತ್ತೇನೆ ಅಂದರೆ ಅದರಲ್ಲಿ ನಗುವಂಥದ್ದೇನಿದೆ? ಆದರೂ ಇಡೀ ಬೀದಿ ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವಳು ನಾನೇ ಇರಬೇಕು, ಯಾಕೆಂದರೆ ಅವಳು ಅದನ್ನು ಮೊದಲು ಹೇಳಿದ್ದು ನನ್ನ ಅಂಗಡಿಯಲ್ಲಿ.

ನನ್ನ ಅಂಗಡಿ ಇರುವುದು ಮೊಯಿನ್ಯೊ ಏರಿನ ನಟ್ಟನಡುವೆ. ಕಾಫಿ, ವೈನು, ಮಧ್ಯಾಹ್ನಕ್ಕೆ ಸೊಪ್ಪಿನ ಸಾರು, ಮನಸ್ಸು ಬಂದ ದಿನ ಆಲೂಗಡ್ಡೆ ಹಾಕಿ ಬೇಯಿಸಿದ ಒಣಮೀನು. ಕೆಳಗೆ ನದಿದಂಡೆಯ ಸಂತೆ, ಮೇಲೆ ಚರ್ಚು. ಲಿಸ್ಬನ್ನಿನಲ್ಲಿ ಸಮತಟ್ಟಾದ ಜಾಗವೆಲ್ಲ ದೊಡ್ಡವರ ಪಾಲಿಗೆ ಹೋಯಿತು, ನಮ್ಮ ಪಾಲಿಗೆ ಬಂದದ್ದು ಈ ಇಳಿಜಾರು. ಏರಿನುದ್ದಕ್ಕೂ ಒಂದೇ ದಾರಿ ಹಳಿ. ನನ್ನ ಬಾಗಿಲ ಮುಂದೆ ಮಾತ್ರ ಅದು ಎರಡಾಗಿ ಕವಲೊಡೆದು, ಸ್ವಲ್ಪ ಮುಂದೆ ಮತ್ತೆ ಒಂದಾಗುತ್ತದೆ. ಮೇಲಿಂದ ಬರುವ ಟ್ರಾಮು ಕೆಳಗಿಂದ ಬರುವುದನ್ನು ದಾಟುವುದು ಇಲ್ಲೇ. ಆ ಒಂದು ಗಳಿಗೆಯಲ್ಲಿ ಈ ಕಿಟಕಿಯಿಂದ ಆ ಕಿಟಕಿಗೆ ಕೊತ್ತಂಬರಿ ಕಟ್ಟು, ಮನೆಯ ಬೀಗದ ಕೈ, ಬೈಗುಳ ಎಲ್ಲವೂ ಕೈ ಬದಲಾಗುತ್ತವೆ.

ಎರಡು ಟ್ರಾಮಿಗೂ ಒಂದೇ ಉಕ್ಕಿನ ಹಗ್ಗ. ಅದು ಹಳಿಗಳ ನಡುವಿನ ಸೀಳಿನ ಅಡಿಯಲ್ಲಿ ಓಡಿ, ಏರಿನ ತಲೆಯಲ್ಲಿರುವ ದೊಡ್ಡ ಚಕ್ರವನ್ನು ಸುತ್ತಿ ಬರುತ್ತದೆ. ಹಾಗಾಗಿ ಒಂದು ಇಳಿದರೆ ಇನ್ನೊಂದು ಏರಲೇಬೇಕು. ನನ್ನ ಅಜ್ಜಿಯ ಕಾಲದಲ್ಲಿ ಮೇಲಿನ ಟ್ರಾಮಿನ ತೊಟ್ಟಿಗೆ ನೀರು ತುಂಬಿಸುತ್ತಿದ್ದರು. ಆ ಭಾರಕ್ಕೆ ಅದು ಇಳಿಯುತ್ತಿತ್ತು, ಕೆಳಗಿನದನ್ನು ಎಳೆದುಕೊಳ್ಳುತ್ತಿತ್ತು. ಕೆಳಗೆ ಬಂದ ಮೇಲೆ ನೀರನ್ನು ಬೀದಿಗೆ ಬಿಡುವರು. ಅಜ್ಜಿ ಮತ್ತು ಅವಳ ಗೆಳತಿಯರು ಮಾಸಿದ ಬಟ್ಟೆ ಹೊತ್ತುಕೊಂಡು ಅದಕ್ಕೇ ಕಾಯುತ್ತಿದ್ದರಂತೆ. ಬೇಸಿಗೆಯಲ್ಲಿ ಬುಗ್ಗೆ ಬತ್ತಿದರೆ ಟ್ರಾಮೂ ಇಲ್ಲ, ಒಗೆತವೂ ಇಲ್ಲ. ಆಮೇಲೆ ಉಗಿ ಯಂತ್ರ ಬಂತು, ಒಗೆದ ಬಟ್ಟೆಯ ಮೇಲೆ ಮಸಿ ಕೂತಿತು. ಅದಾದ ಮೇಲೆ ತಲೆಯ ಮೇಲೆ ತಂತಿ ಎಳೆದು ಕರೆಂಟು ತಂದರು. ಆ ಕರೆಂಟಿನ ಏರ್ಪಾಡು ಹೇಗಿದೆಯೆಂದರೆ, ಎರಡು ಟ್ರಾಮಿನ ಬ್ರೇಕಿನವರೂ ತಮ್ಮ ತಮ್ಮ ಹಿಡಿಕೆ ತಿರುಗಿಸಿದರೆ ಮಾತ್ರ ಗಾಡಿ ಹೊರಡುತ್ತದೆ. ಹೊರಡಲು ಇಬ್ಬರೂ ಒಪ್ಪಬೇಕು, ನಿಲ್ಲಿಸಲು ಯಾರೊಬ್ಬರಾದರೂ ಸಾಕು.

ನಿಲ್ಲಿಸಿದವರನ್ನು ಯಾಕೆ ನಿಲ್ಲಿಸಿದೆ ಎಂದು ಕೇಳಬಾರದು. ಇದು ನಮ್ಮ ಏರಿನ ಕಟ್ಟಳೆ. ಉಗಿ ಯಂತ್ರದ ಕಾಲದಲ್ಲಿ ಒಬ್ಬ ಬ್ರೇಕಿನವನು ಹಗ್ಗದಲ್ಲಿ ಏನೋ ಅದುರಿದ ಹಾಗಾಯಿತೆಂದು ನಿಲ್ಲಿಸಿದನಂತೆ. ಹುಡುಕಿದರೆ ಏನೂ ಸಿಗಲಿಲ್ಲ. ಕಂಪನಿಯ ದೊಡ್ಡವರು ಎಲ್ಲರೆದುರು ಅವನ ಮರ್ಯಾದೆ ತೆಗೆದರು. ಮರುದಿನ ಮತ್ತೆ ಅದುರಿತು. ಹಿಂದಿನ ದಿನದ ಬೈಗುಳ ಕಿವಿಯಲ್ಲಿತ್ತು, ಅವನು ನಿಲ್ಲಿಸಲಿಲ್ಲ. ಸತ್ತವರ ಹೆಸರು ಚರ್ಚಿನ ಗೋಡೆಯ ಮೇಲೆ ಈಗಲೂ ಇದೆ, ನನ್ನ ಅಜ್ಜಿಯ ತಂಗಿಯದೂ ಅದರಲ್ಲಿದೆ. ಅಂದಿನಿಂದ ಇನ್‌ಸ್ಪೆಕ್ಟರೂ ಕೇಳುವುದಿಲ್ಲ, ಪ್ರಯಾಣಿಕರೂ ಕೇಳುವುದಿಲ್ಲ, ಮನೆಗೆ ಹೋದರೆ ಹೆಂಡತಿಯೂ ಕೇಳುವುದಿಲ್ಲ. ಗೊಣಗಬಹುದು, ಇಳಿದು ನಡೆದುಕೊಂಡು ಹೋಗಬಹುದು, ನನ್ನಂಗಡಿಗೆ ಬಂದು ಕಾಫಿ ಕುಡಿಯಬಹುದು. ಕೇಳುವಂತಿಲ್ಲ.

ಇದಲೀನಳಿಗೆ ಕೆಲಸ ಸಿಕ್ಕಿದ್ದು ಸರ್ವಾಧಿಕಾರವನ್ನು ಉರುಳಿಸಿದ ಏಪ್ರಿಲ್ ಕ್ರಾಂತಿಯಾಗಿ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು, ಕಾಯಿದೆ ಬದಲಾಗಿತ್ತು, ಹೆಂಗಸರು ಯಾವ ಕೆಲಸಕ್ಕಾದರೂ ಅರ್ಜಿ ಹಾಕಬಹುದೆಂದು ರೇಡಿಯೋದಲ್ಲಿ ಹೇಳಿಯಾಗಿತ್ತು. ನಮ್ಮ ಟ್ರಾಮಿನ ಹಿಡಿಕೆಗೆ ಮಾತ್ರ ಹೆಂಗಸಿನ ಕೈ ಸೋಕಿರಲಿಲ್ಲ. ಇದಲೀನ ಅದೇ ಟ್ರಾಮುಗಳ ಗಾಜು ಒರೆಸುತ್ತ, ಮರದ ಬೆಂಚು ತೊಳೆಯುತ್ತ ವರ್ಷಗಟ್ಟಲೆ ಬಕೆಟ್ಟು ಹಿಡಿದಿದ್ದವಳು. ಒಂದನೇ ಟ್ರಾಮಿನ ಮುದುಕ ನಿವೃತ್ತನಾದಾಗ ಅರ್ಜಿ ಹಾಕಿದಳು, ಕಲಿತಳು, ಪರೀಕ್ಷೆಯಲ್ಲಿ ಪಾಸಾದಳು. ಕಂಪನಿಯವರು ಸಂತ ಅಂತೋನಿಯ ಹಬ್ಬದವರೆಗೆ ಅಂದರೆ ಜೂನ್ ತಿಂಗಳವರೆಗೆ ಅವಳನ್ನು ನೋಡುವುದೆಂದು ತೀರ್ಮಾನಿಸಿದರು. ಗಾಡಿ ಸರಿಯಾಗಿ ಓಡಿದರೆ ಹಿಡಿಕೆ ಕಾಯಂ. ಇಲ್ಲವಾದರೆ ಮತ್ತೆ ಬಕೆಟ್ಟು.

ಎರಡನೇ ಟ್ರಾಮಿನ ಬ್ರೇಕಿನವನು ಬಲ್ತಜಾರ್. ದಪ್ಪ ಮೀಸೆ, ಅಗಲ ಬೆನ್ನು, ಮಾತು ಕಡಿಮೆ. ಕೆಟ್ಟವನಲ್ಲ, ಹೆಂಡತಿ ಹಾಸಿಗೆ ಹಿಡಿದಾಗ ತಾನೇ ಅಡುಗೆ ಮಾಡಿ ಉಣ್ಣಿಸಿದವನು. ಆದರೆ ಒಂದನೇ ಟ್ರಾಮು ತನ್ನ ಧರ್ಮಪುತ್ರ ವಲ್ದೆಮಾರನಿಗೆ ಸಿಗುತ್ತದೆಂದು ಅವನು ಬೀದಿಗೆಲ್ಲ ಹೇಳಿಬಿಟ್ಟಿದ್ದ. ವಲ್ದೆಮಾರ್ ಎಂಥವನೆಂದರೆ, ಬೆಳಿಗ್ಗೆ ಎದ್ದು ಕೂರುವುದನ್ನೇ ಅರ್ಧ ದಿನದ ಕೆಲಸ ಅಂದುಕೊಂಡವನು. ಅವನಿಗೆ ಸಿಗಬೇಕಾದದ್ದು ಇಸ್ತ್ರಿಯವಳ ಮಗಳಿಗೆ ಸಿಕ್ಕಿತಲ್ಲ ಎಂದು ಬಲ್ತಜಾರನಿಗೆ ಬೀದಿಯಲ್ಲಿ ತಲೆಯೆತ್ತಿ ನಡೆಯಲು ಆಗಲಿಲ್ಲ.

ಮೊದಲ ದಿನ ಬೆಳಿಗ್ಗೆ ಅವನು ನನ್ನ ಅಂಗಡಿಯ ಕಟ್ಟೆಗೆ ಮೊಣಕೈ ಊರಿ, ಅವಳಿಗೆ ಕೇಳುವ ಹಾಗೆ, "ಬ್ರೇಕಿಗೆ ಬೇಕಾಗಿರೋದು ತೋಳು, ಲಿಪ್‌ಸ್ಟಿಕ್ ಅಲ್ಲ" ಅಂದ.

ಇದಲೀನ ಕಾಫಿಯ ಕೊನೆ ಗುಟುಕು ಮುಗಿಸಿ ಹೇಳಿದಳು: "ನಮ್ಮಮ್ಮ ಎತ್ತಿರೋ ಇಸ್ತ್ರಿ ಪೆಟ್ಟಿಗೆ ಭಾರ ಒಟ್ಟು ಮಾಡಿದ್ರೆ ನಿಮ್ಮ ಟ್ರಾಮು ಅದರ ಮುಂದೆ ಆಟದ ಸಾಮಾನು, ಸೆನ್ಯೋರ್ ಬಲ್ತಜಾರ್. ನಾನು ಅವಳ ಮಗಳು."

ಅಂಗಡಿ ತುಂಬ ನಗು. ಬಲ್ತಜಾರ್ ನಗಲಿಲ್ಲ. ಟೋಪಿ ಹಾಕಿಕೊಂಡು ತನ್ನ ಟ್ರಾಮಿಗೆ ಹೋದ. ಅಂದಿನಿಂದ ಶುರುವಾಯಿತು.

ಅವನು ಹೊರಡುವುದಿಲ್ಲ ಅನ್ನಲಿಲ್ಲ. ಹಾಗಂದಿದ್ದರೆ ಕೆಲಸ ಹೋಗುತ್ತಿತ್ತು. ಹಿಡಿಕೆ ತಿರುಗಿಸುವನು, ಗಾಡಿ ಹೊರಡುವುದು, ದಾಟುವ ಜಾಗ ಇನ್ನೇನು ಬಂತು ಅನ್ನುವಾಗ ನಿಲ್ಲಿಸಿಬಿಡುವನು. ಒಂದು ಟ್ರಾಮು ನನ್ನಂಗಡಿಯಿಂದ ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ. ಎರಡರ ಜನವೂ ಸಿಕ್ಕಿಕೊಂಡು ಪರಸ್ಪರ ಮುಖ ನೋಡುತ್ತ ಕೂರುವರು. ಅವನು ಕಿಟಕಿಯಾಚೆ ಪಾರಿವಾಳ ನೋಡುತ್ತ ನಿಲ್ಲುವನು. ಎಷ್ಟೋ ಹೊತ್ತಿನ ಮೇಲೆ ಗಂಟೆ ಹೊಡೆಯುವನು, ಮತ್ತೆ ಇಬ್ಬರೂ ಹಿಡಿಕೆ ತಿರುಗಿಸುವರು. ದಿನಕ್ಕೊಂದು ಸಲವಾದರೆ ಸೈರಿಸಬಹುದಿತ್ತು. ಬೆಳಿಗ್ಗೆ ಆಫೀಸಿಗೆ ಹೋಗುವವರಿದ್ದಾಗ ಒಂದು, ಸಂತೆ ಮುಗಿಸಿ ಬರುವ ಮುದುಕಿಯರಿದ್ದಾಗ ಒಂದು, ಸಂಜೆ ಎರಡು ಮೂರು. ಅವನಿಗೆ ಏನೂ ಅದುರಿರಲಿಲ್ಲ ಅನ್ನುವುದು ಚರ್ಚಿನ ಗೋಡೆಗೂ ಗೊತ್ತಿತ್ತು. ಆದರೆ ಕೇಳುವ ಹಾಗಿಲ್ಲವಲ್ಲ. ಸತ್ತವರ ಹೆಸರಿನಲ್ಲಿ ನಿಂತ ಕಟ್ಟಳೆಯ ಹಿಂದೆ ಅವನು ಅವಿತುಕೊಂಡಿದ್ದ. ನನಗೆ ಮೈ ಉರಿಯುತ್ತಿದ್ದದ್ದು ಅದಕ್ಕೆ. ವ್ಯಾಪಾರವೇನೋ ಚೆನ್ನಾಗಿತ್ತು, ಸಿಕ್ಕಿಕೊಂಡವರೆಲ್ಲ ಇಳಿದು ನನ್ನಲ್ಲೇ ಕಾಫಿ ಕುಡಿಯುತ್ತಿದ್ದರು; ಆ ಕಾಫಿ ಸುರಿಯುವಾಗಲೂ ನಾನು ಅವನಿಗೆ ಶಾಪ ಹಾಕುತ್ತಿದ್ದೆ.

ಜನ ಮೊದಲು ಅವನನ್ನು ಬೈದರು, ಆಮೇಲೆ ಅವಳನ್ನು. ಅದೇ ಸುಲಭ. ಅವಳು ಬರುವ ಮುಂಚೆ ಗಾಡಿ ಹೀಗೆ ನಿಲ್ಲುತ್ತಿರಲಿಲ್ಲ, ಬಂದ ಮೇಲೆ ನಿಲ್ಲುತ್ತಿದೆ, ಹಾಗಿದ್ದರೆ ಕಾಲ್ಗುಣ ಯಾರದು ಎಂದು ಲೆಕ್ಕ ಹಾಕಿದರು. ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಹೊತ್ತು ಇಳಿದು ನಡೆಯುತ್ತ, ಮದುವೆಯಾಗಿ ಮನೆಯಲ್ಲಿರೋದು ಬಿಟ್ಟು ಇವಳಿಗೆ ಯಾಕೆ ಬೇಕಿತ್ತು ಎಂದು ಬೀದಿಗೆಲ್ಲ ಕೇಳಿಸಿದಳು. ಇದಲೀನ ಬ್ರೇಕಿನ ಚಕ್ರದ ಮೇಲೆ ಕೈಯಿಟ್ಟು ನೇರ ಮುಂದೆ ನೋಡುತ್ತ ನಿಂತಿರುತ್ತಿದ್ದಳು. ದಾಟುವಾಗ ಬಲ್ತಜಾರನಿಗೆ ಬೆಳಗಿನ ನಮಸ್ಕಾರ ಹೇಳುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಅವನು ಒಂದು ದಿನವೂ ತಿರುಗಿ ಹೇಳಲಿಲ್ಲ.

ಮೇ ತಿಂಗಳ ಕೊನೆಗೆ ಇನ್‌ಸ್ಪೆಕ್ಟರ್ ಲೇಮುಶ್ ಬಂದ. ಸಣಕಲ ಮನುಷ್ಯ, ಹೊಟ್ಟೆಯ ತೊಂದರೆ ಇದ್ದದ್ದರಿಂದ ಸಾರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ವಿರಾಮದಲ್ಲಿ ಇದಲೀನಳನ್ನು ಮೂಲೆಯ ಮೇಜಿಗೆ ಕರೆದು ಕೂರಿಸಿದ. ನಾನು ಲೋಟ ಒರೆಸುತ್ತಿದ್ದೆ. ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದೆ, ಯಾಕೆಂದರೆ ಆ ಮೂಲೆಯ ಮಾತು ಕಟ್ಟೆಗೆ ಚೆನ್ನಾಗಿ ಕೇಳಿಸುತ್ತದೆ.

ಗಾಡಿ ತಡವಾಗುತ್ತಿರುವ ವಿಷಯ ಕಂಪನಿಯ ಮೇಲಿನವರಿಗೆ ಮುಟ್ಟಿದೆ ಎಂದ. ಹೀಗೇ ಆದರೆ ಹಬ್ಬದ ನಂತರ ಅವಳನ್ನು ಉಳಿಸಿಕೊಳ್ಳುವುದು ಕಷ್ಟ ಎಂದ. ಆಮೇಲೆ ದನಿ ತಗ್ಗಿಸಿದ.

"ನೋಡಮ್ಮ, ನಂಗೂ ಕಣ್ಣಿದೆ. ಅವನು ಬೇಕಂತ್ಲೇ ನಿಲ್ಲಿಸ್ತಿದಾನೆ. ಆದ್ರೆ ನಾನಾಗಿ ಕೇಳೋ ಹಾಗಿಲ್ಲ. ಜೊತೆ ಗಾಡಿಯವಳು ನೀನು. ಕಾರಣ ಇಲ್ದೆ ನಿಲ್ಲಿಸ್ತಾನೆ ಅಂತ ನೀನೊಂದು ದೂರು ಕೊಡು. ಆಗ ಅವನನ್ನ ಕರೆದು ವಿಚಾರಿಸ್ಬಹುದು. ಅವನು ಹೋಗ್ತಾನೆ, ನೀನು ಉಳೀತೀಯ."

ಇದಲೀನ ಬ್ರೆಡ್ಡು ಮುರಿದು ಸಾರಿಗೆ ಹಾಕಿದಳು. ಸಾರಿನ ಬಟ್ಟಲಲ್ಲಿ ಬ್ರೆಡ್ಡಿನ ಚೂರು ನೆನೆದು ಮುದ್ದೆಯಾಯಿತು.

"ವಿಚಾರಿಸೋದು ಅಂದ್ರೆ ಕೇಳೋದು ತಾನೇ?" ಅಂದಳು.

"ಮತ್ತೆ?"

"ಇವತ್ತು ಅವರನ್ನ ಕೇಳ್ತೀರ. ನಾಳೆ ಇನ್ನೊಬ್ರನ್ನ ಕೇಳ್ತೀರ. ಆಚೆ ನಾಡಿದ್ದು ಯಾರಿಗೋ ನಿಜವಾಗ್ಲೂ ಕೈಯಲ್ಲಿ ಅದುರತ್ತೆ, ಕೇಳ್ತಾರಲ್ಲ ಅಂತ ಸುಮ್ನಾಗ್ತಾರೆ. ಆ ಗಾಡಿ ನಮ್ಮಮ್ಮನ ಕಿಟಕಿ ಮುಂದೆ ಇಳಿಯತ್ತೆ, ಸೆನ್ಯೋರ್. ನಾನು ದೂರು ಕೊಡಲ್ಲ."

ಲೇಮುಶ್ ಹಾಗಾದರೆ ನಿನ್ನಿಷ್ಟ ಎಂದು ಎದ್ದು ಹೋದ. ಅವನು ಬಾಗಿಲು ದಾಟಿದ್ದೇ ತಡ, ನಾನು ಒರೆಸುವ ಬಟ್ಟೆ ಬಿಸಾಕಿ ಅವಳ ಮುಂದೆ ಹೋಗಿ ಕೂತೆ. ಹುಚ್ಚಿ, ನಿನ್ನ ತಲೆಯಲ್ಲಿ ಬುದ್ಧಿ ಅನ್ನುವುದು ಇದೆಯಾ, ಆ ಮೀಸೆಯವನಿಗಾಗಿ ಮತ್ತೆ ಬಕೆಟ್ಟು ಹಿಡಿಯುತ್ತೀಯಾ ಎಂದು ಬಾಯಿಗೆ ಬಂದಂತೆ ಬೈದೆ.

"ಅವನಿಗಾಗಿ ಅಲ್ಲ, ದೋನ ಪಲ್ಮೀರ" ಅಂದಳು. ಕಣ್ಣು ತುಂಬಿತ್ತು. "ನಂಗೆ ಆ ಹಿಡಿಕೆ ಬೇಕು. ಎಷ್ಟು ಬೇಕು ಅಂತ ಹೇಳಕ್ಕೂ ಬರಲ್ಲ. ಆದ್ರೆ ಕಟ್ಟಳೆ ಮುರಿದು ತಗೊಂಡ್ರೆ, ಆಮೇಲೆ ಅದನ್ನ ಹಿಡ್ಕೊಂಡು ನಿಲ್ಲೋದು ಹೇಗೆ?"

ನಾನು ಹೊಟ್ಟೆಯಲ್ಲಿ ಮಾತಿಟ್ಟುಕೊಳ್ಳುವ ಹೆಂಗಸಲ್ಲ. ಸಂಜೆ ಬಲ್ತಜಾರ್ ತನ್ನ ಲೋಟ ವೈನಿಗೆ ಬಂದಾಗ ಎಲ್ಲವನ್ನೂ ಹೇಳಿದೆ. ಲೇಮುಶ್ ಏನು ಕೇಳಿದ, ಅವಳೇನು ಹೇಳಿದಳು, ಒಂದು ಅಕ್ಷರ ಬಿಡದೆ. ನಾಚಿಕೆ ಅನ್ನುವುದು ಇದ್ದರೆ ಈ ಲೋಟದಲ್ಲೇ ಮುಳುಗು ಅಂದೆ. ಅವನು ಲೋಟವನ್ನು ಕಟ್ಟೆಯ ಮೇಲೆ ಆಚೆ ಈಚೆ ಸರಿಸಿದ.

"ನಾನೇನು ಅವಳನ್ನ ಕಾಪಾಡು ಅಂತ ಕೇಳಿದ್ನಾ?" ಅಂದ.

ವೈನು ಅರ್ಧಕ್ಕೇ ಬಿಟ್ಟು ಹೋದ. ಅವನು ಲೋಟದಲ್ಲಿ ಹನಿ ಉಳಿಸಿ ಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮರುದಿನ ಒಂದೇ ಸಲ ನಿಲ್ಲಿಸಿದ. ಅದರ ಮರುದಿನ ನಿಲ್ಲಿಸಲೇ ಇಲ್ಲ. ಆದರೆ ಆಗಬೇಕಾದ ಹಾನಿ ಆಗಿಹೋಗಿತ್ತು, ತಡವಾದದ್ದೆಲ್ಲ ಅವಳ ಹೆಸರಿಗೆ ಅಂಟಿತ್ತು. ಹಬ್ಬದ ಹಿಂದಿನ ದಿನ ಲೇಮುಶ್ ಖುದ್ದಾಗಿ ಅವಳ ಟ್ರಾಮಿನಲ್ಲಿ ಕೂತು ನೋಡಿ ತೀರ್ಮಾನ ಕೊಡುತ್ತಾನೆಂದು ಸುದ್ದಿ ಬಂತು.

ಆ ದಿನ ಏರಿನುದ್ದಕ್ಕೂ ಬಣ್ಣದ ಕಾಗದದ ಮಾಲೆ. ಮನೆಮನೆ ಬಾಗಿಲಲ್ಲಿ ಕೆಂಡದ ಒಲೆ, ಅದರ ಮೇಲೆ ಬೂತಾಯಿ ಮೀನು, ಕಿಟಕಿಗಳಲ್ಲಿ ತುಳಸಿಯಂಥ ಗಿಡದ ಕುಂಡಗಳು. ಹೊಗೆಗೆ ಕಣ್ಣು ಬಿಡಲಾಗದು, ಜನ ಹಳಿಯ ಮೇಲೇ ನಡೆಯುವರು, ಟ್ರಾಮು ಗಂಟೆ ಹೊಡೆಯುತ್ತ ಹೊಡೆಯುತ್ತ ಬರಬೇಕು. ಬೆಳಗಿನಿಂದ ಎರಡು ಗಾಡಿಯೂ ಹದವಾಗಿ ಓಡಿದವು. ಇದಲೀನಳ ಅಮ್ಮ ಕುಸ್ತೋದಿಯ, ಇಸ್ತ್ರಿ ಬಿಟ್ಟು ಕಿಟಕಿಯಲ್ಲೇ ಕೂತಿದ್ದಳು. ಲೇಮುಶ್ ಇದಲೀನಳ ಹಿಂದಿನ ಬೆಂಚಿನಲ್ಲಿ ಹೊಟ್ಟೆ ಹಿಡಿದು ಕೂತಿದ್ದ. ಇನ್ನು ಕೆಲವೇ ಸುತ್ತು, ಆಮೇಲೆ ಹಿಡಿಕೆ ಅವಳದು ಎಂದು ನಾನು ಮನಸ್ಸಿನಲ್ಲಿ ಸಂತನಿಗೆ ಮೇಣದಬತ್ತಿ ಹರಸಿಕೊಂಡೆ.

ಬಿಸಿಲು ಇಳಿಯುವ ಹೊತ್ತು. ಎರಡು ಟ್ರಾಮೂ ತುಂಬಿ ತುಳುಕುತ್ತಿದ್ದವು. ದಾಟುವ ಜಾಗ ದಾಟಿ ಇದಲೀನ ಮೇಲಕ್ಕೆ ಹೊರಟಿದ್ದಳು, ಬಲ್ತಜಾರ್ ಕೆಳಕ್ಕೆ. ಇದ್ದಕ್ಕಿದ್ದಂತೆ ಎರಡೂ ನಿಂತವು. ನಾನು ಬಲ್ತಜಾರನನ್ನೇ ಬೈಯಲು ಬಾಯಿ ತೆರೆದೆ. ಅವನು ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡುತ್ತಿದ್ದ. ನಿಲ್ಲಿಸಿದ್ದು ಅವನಲ್ಲ, ಅವಳು.

ಜನಕ್ಕೆ ಅರ್ಥವಾಗಲು ತಡವಾಗಲಿಲ್ಲ. ಬಡ್ಡಿ ಸಮೇತ ತೀರಿಸುತ್ತಿದ್ದಾಳೆ ಎಂದು ಯಾರೋ ಅಂದರು, ಎರಡೂ ಟ್ರಾಮಿನಲ್ಲಿ ನಗು ಹರಡಿತು. ಇಂಥ ದಿನವೇ ಬೇಕಿತ್ತಾ ಅಂದುಕೊಂಡೆ. ಅಂಗಡಿ ಬಿಟ್ಟು ಮೇಲಕ್ಕೆ ಓಡಿದೆ. ಇದಲೀನ ಎರಡೂ ಕೈಯಲ್ಲಿ ಬ್ರೇಕಿನ ಚಕ್ರ ಬಿಗಿಹಿಡಿದು ನಿಂತಿದ್ದಳು, ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಲೇಮುಶ್ ಎದ್ದು ಅವಳ ಬಳಿ ಹೋಗಿದ್ದ.

"ಯಾಕೆ ನಿಲ್ಲಿಸಿದೆ?" ಎಂದು ಕೇಳಿದ.

ಟ್ರಾಮಿನಲ್ಲಿದ್ದವರ ನಗು ನಿಂತಿತು. ಆ ಪ್ರಶ್ನೆಯನ್ನು ಅಲ್ಲಿದ್ದ ಯಾರೂ ತಮ್ಮ ಜನ್ಮದಲ್ಲಿ ಕೇಳಿರಲಿಲ್ಲ. ಅವಳು ಚಕ್ರ ಬಿಡದೆ ನೇರ ಮುಂದೆ ನೋಡಿದಳು. ಕಾರಣ ಹೇಳದಿದ್ದರೆ ಇದು ಜಗಳದ ಸೇಡು ಎಂದೇ ತಿಳಿಯುತ್ತೇನೆ, ಹಾಗೆಂದೇ ಮೇಲೆ ಹೇಳುತ್ತೇನೆ ಎಂದ ಲೇಮುಶ್. ಅವಳು ಆಗಲೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಬಲ್ತಜಾರ್ ತನ್ನ ಬ್ರೇಕು ಬಿಗಿದು ಗಾಡಿಯಿಂದ ಇಳಿದಿದ್ದ. ತುಂಬಿದ ಗಾಡಿ ಬಿಟ್ಟು ಇಳಿಯುವುದು ದೊಡ್ಡ ತಪ್ಪು, ಅವನಿಗದು ಗೊತ್ತಿತ್ತು. ಒಲೆಗಳ ಹೊಗೆಯ ನಡುವೆ ಕಲ್ಲುಹಾಸಿನ ಮೇಲೆ ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದ. ಈಗ ಇವನ ಬಾಯಿಯಿಂದ ಏನು ಬರುತ್ತದೋ ಎಂದು ನಾನು ದಾರಿಗೆ ಅಡ್ಡ ನಿಂತೆ. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅವಳ ಕಿಟಕಿಯ ಕೆಳಗೆ ನಿಂತು ಟೋಪಿ ತೆಗೆದ.

"ಸೆನ್ಯೋರ್ ಇನ್‌ಸ್ಪೆಕ್ಟರ್, ನಿಲ್ಲಿಸಿದವರನ್ನ ಕೇಳೋ ಹಾಗಿಲ್ಲ."

"ಇದನ್ನ ಹೇಳಕ್ಕೆ ನೀನು ಬಂದ್ಯಾ?" ಅಂದ ಲೇಮುಶ್.

"ನಾನೇ ಬರ್ಬೇಕು. ಮೂರು ತಿಂಗಳು ನಾನು ಸುಮ್‌ಸುಮ್ನೆ ನಿಲ್ಲಿಸ್ದೆ. ಒಂದ್ಸಲಾನೂ ಏನೂ ಅದುರಿರ್ಲಿಲ್ಲ. ಅವಳಿಗೆ ಗೊತ್ತಿತ್ತು, ಕೇಳ್ಲಿಲ್ಲ. ನೀವೇ ದೂರು ಹೇಳು ಅಂದ್ರಿ, ಹೇಳ್ಲಿಲ್ಲ. ಏನು ಬರ್ಕೋತೀರೋ ನನ್ನ ಹೆಸರಿಗೆ ಬರ್ಕೊಳ್ಳಿ. ಅವಳನ್ನ ಮಾತ್ರ ಕೇಳ್ಬೇಡಿ."

ಬೂತಾಯಿಯ ಕೊಬ್ಬು ಕೆಂಡಕ್ಕೆ ಬಿದ್ದು ಚುರ್ರೆನ್ನುವುದು ಕೇಳಿಸುತ್ತಿತ್ತು. ಲೇಮುಶ್ ಅವನನ್ನು ನೋಡಿದ, ಅವಳನ್ನು ನೋಡಿದ, ಸುತ್ತ ನಿಂತಿದ್ದ ನಮ್ಮನ್ನೆಲ್ಲ ನೋಡಿದ. ಆಮೇಲೆ ಹೋಗಿ ತನ್ನ ಬೆಂಚಿನ ಮೇಲೆ ಕೂತ. ಬಲ್ತಜಾರ್ ಇಳಿದು ತನ್ನ ಗಾಡಿಗೆ ಹೋದ. ಸ್ವಲ್ಪ ಹೊತ್ತಾದ ಮೇಲೆ ಇದಲೀನ ಗಂಟೆ ಹೊಡೆದಳು, ಅವನು ಹೊಡೆದ, ಇಬ್ಬರೂ ಹಿಡಿಕೆ ತಿರುಗಿಸಿದರು.

ಆ ಸಂಜೆ ಹಗ್ಗ, ಚಕ್ರ, ಹಳಿ ಎಲ್ಲವನ್ನೂ ತಡವಿ ನೋಡಿದರು. ಏನೂ ಸಿಗಲಿಲ್ಲ. ಇದಲೀನಳಿಗೆ ಕೆಲಸ ಕಾಯಂ ಆಯಿತು. ಬಲ್ತಜಾರನನ್ನು ಬೇಸಿಗೆ ಮುಗಿಯುವವರೆಗೆ ಮನೆಯಲ್ಲಿ ಕೂರಿಸಿದರು. ಆ ದಿನಗಳಲ್ಲಿ ಅವನು ವಲ್ದೆಮಾರನ ಜೊತೆ ಕಿಟಕಿಯಲ್ಲಿ ಕೂತು ಬೀದಿ ನೋಡುತ್ತಿದ್ದ. ಮತ್ತೆ ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆ, ದಾಟುವ ಜಾಗದಲ್ಲಿ ಇದಲೀನ ಎಂದಿನಂತೆ ನಮಸ್ಕಾರ ಹೇಳಿದಳು. ಅವನು ಟೋಪಿಯ ಅಂಚಿಗೆ ಎರಡು ಬೆರಳು ಮುಟ್ಟಿಸಿದ. ನಿವೃತ್ತನಾಗುವವರೆಗೆ ಅವರಿಬ್ಬರ ನಡುವೆ ನಡೆದದ್ದು ಅಷ್ಟೇ, ದಿನವೂ ಅಷ್ಟೇ.

ಅಂದು ಅವಳು ನಿಲ್ಲಿಸಿದ್ದು ಯಾಕೆಂದು ಬೀದಿಯಲ್ಲಿ ಹತ್ತು ಕತೆ ಹುಟ್ಟಿದವು. ಹಳಿಯ ಮೇಲೆ ಮಗು ಬಂದಿತ್ತು ಅನ್ನುವವರು, ಕೈಯಲ್ಲಿ ಅದುರಿತ್ತು ಅನ್ನುವವರು, ಸೇಡೇ ಎಂದು ಈಗಲೂ ಸಾಧಿಸುವವರು. ಸ್ವಭಾವ ಬಿಡಲಾಗದೆ ನಾನೊಮ್ಮೆ, ವರ್ಷಗಳಾದ ಮೇಲೆ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ ಮಾತು ಅತ್ತ ತಿರುಗಿಸಿದೆ. ಅವಳು ನನ್ನ ಮುಖ ನೋಡಿ, "ದೋನ ಪಲ್ಮೀರ, ಕಾಫಿ ಆರ್ತಾ ಇದೆ" ಅಂದಳು. ಆರುತ್ತಿದ್ದದ್ದು ಅವಳ ಕಾಫಿ, ಬಾಯಿ ಮುಚ್ಚಬೇಕಾದವಳು ನಾನು.

ಮುದುಕನಾದ ಮೇಲೆ ಬಲ್ತಜಾರ್ ದಿನವೂ ಕೋಲು ಊರಿಕೊಂಡು ಬಂದು ಅವಳ ಟ್ರಾಮಿನ ಮುಂದಿನ ಬೆಂಚಿನಲ್ಲಿ ಕೂತು ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗೆ ಬರುತ್ತಿದ್ದ. ಎಲ್ಲಿಗೂ ಹೋಗುವುದಿರಲಿಲ್ಲ. ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಅವನ ಸಂಸ್ಕಾರದ ದಿನ ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಇದಲೀನ ಕೆಲಸದ ಮೇಲಿದ್ದಳು, ಹೋಗಲಾಗಲಿಲ್ಲ. ನಾನು ಕಪ್ಪು ಶಾಲು ಹೊದ್ದು ಬಾಗಿಲಿಗೆ ಬೀಗ ಹಾಕುತ್ತಿದ್ದೆ. ಮೇಲಿಂದ ಅವಳ ಟ್ರಾಮು ಬಂತು, ಕೆಳಗಿಂದ ಇನ್ನೊಂದು ಬಂತು. ನನ್ನ ಬಾಗಿಲ ಮುಂದೆ ಎರಡೂ ಪಕ್ಕಪಕ್ಕ ಬಂದಾಗ ಇದಲೀನ ನಿಲ್ಲಿಸಿದಳು.

ಎರಡನೇ ಟ್ರಾಮಿಗೆ ಈಗ ಹೊಸಬ, ಬೇರೆ ಊರಿನವನು, ಬಲ್ತಜಾರನನ್ನು ಕಂಡವನಲ್ಲ. ಅವಳ ಮುಖ ನೋಡಿ ಹಿಡಿಕೆಯಿಂದ ಕೈ ತೆಗೆದು ಸುಮ್ಮನೆ ನಿಂತ. ಜನ ತುಂಬಿದ್ದರು, ಹೊತ್ತಾಗುತ್ತಿತ್ತು. ಅವಳು ಚಕ್ರದ ಮೇಲೆ ಕೈಯಿಟ್ಟು, ಕೆನ್ನೆಯ ನೀರು ಒರೆಸಿಕೊಳ್ಳದೆ, ಚರ್ಚಿನ ಗಂಟೆ ಮುಗಿಯುವ ತನಕ ನೇರ ಮುಂದೆ ನೋಡುತ್ತಿದ್ದಳು. ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.